ಹುಲಿಗೆಮ್ಮ ನೀರಿಗೆ ಹಾಕಿದ ಹತಾರಗಳು

ಹುಲಿಗೆಮ್ಮನನ್ನು ನಾನು ಮೊದಲು ಕಂಡಾಗ ಅವಳ ಮೊಣಕೈವರೆಗೂ ಸೋಪಿನ ನೊರೆ ಇತ್ತು. ನಾನು ಸ್ಟ್ರೆಚರಿನ ಮೇಲೆ ಮಲಗಿಕೊಂಡು ಅವಳನ್ನು ಬೈಯುತ್ತಿದ್ದೆ.

ನಾನು ಮಲ್ಲಿಕಾಂಬ. ಅಜ್ಜಂಪುರದ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದವಳು. ಸೀಟಿ ಊದಿ ಸಾವಿರಾರು ಹುಡುಗಿಯರಿಗೆ ಖೋಖೋ ಕಲಿಸಿದವಳ ಕಾಲು ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಕೈಕೊಟ್ಟಿತು. ಬಲಸೊಂಟದ ಕೀಲಿನಲ್ಲಿ ತೊಡೆಮೂಳೆಯ ತುದಿಯ ಗುಂಡಿಗೆ ರಕ್ತ ಹರಿಯುವುದು ನಿಂತು, ಅದು ಒಳಗೇ ಸತ್ತು ಕುಸಿದಿತ್ತು. ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯಬೇಕು. ಕೀಲನ್ನೇ ಬದಲಾಯಿಸಬೇಕು ಅಂದರು. ಶಿವಮೊಗ್ಗದಿಂದ ಡಾಕ್ಟರ್ ಶಿವಕುಮಾರ್ ಪ್ರತಿ ಗುರುವಾರ ತರೀಕೆರೆಯ ಒಂದು ಖಾಸಗಿ ಆಸ್ಪತ್ರೆಗೆ ಬಂದು ಮೂಳೆಯ ಆಪರೇಷನ್ ಮಾಡುತ್ತಿದ್ದರು. ಅಲ್ಲೇ ಮಾಡಿಸುವುದೆಂದು ನಾನೂ ನನ್ನ ಯಜಮಾನರೂ ತೀರ್ಮಾನ ಮಾಡಿದೆವು.

ಆ ಆಸ್ಪತ್ರೆಯಲ್ಲಿ ಹುಲಿಗೆಮ್ಮ ಆಯಾ. ಆಪರೇಷನ್ ಥಿಯೇಟರಿನ ಪಕ್ಕದ ಸಣ್ಣ ಕೋಣೆಯಲ್ಲಿ ಹತಾರಗಳನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಹಬೆಯ ಯಂತ್ರಕ್ಕಿಟ್ಟು ತೆಗೆಯುವುದು ಅವಳ ಕೆಲಸ. ಓದಿದ್ದು ಏಳನೇ ಕ್ಲಾಸು. ಅವಳ ಹಿಂದಿನ ಕಥೆಯೆಲ್ಲ ನನಗೆ ತಿಳಿದದ್ದು ಆಮೇಲೆ, ನಾನು ಹಾಸಿಗೆಯಲ್ಲಿದ್ದಾಗ, ಅವಳ ಬಾಯಿಂದಲೇ. ಆದರೆ ಅದನ್ನು ಮೊದಲು ಹೇಳದೆ ಆಪರೇಷನ್ನಿನ ಆ ಗುರುವಾರದ್ದನ್ನು ಹೇಳಿದರೆ ನೀವೂ ನನ್ನ ಹಾಗೆಯೇ ಅವಳನ್ನು ಸೊಕ್ಕಿನವಳು ಅಂದುಕೊಳ್ಳುತ್ತೀರಿ.

ಅವಳ ಊರು ಕಡೂರು ತಾಲೂಕಿನ ಎಮ್ಮೆದೊಡ್ಡಿ. ಗಂಡ ಲಕ್ಕಣ್ಣ ಅಲ್ಲಿಯ ಅಮೃತಮಹಲ್ ಕಾವಲಿನಲ್ಲಿ ದನ ಕಾಯುತ್ತಿದ್ದ. ಹದಿನಾರು ವರ್ಷದ ಕೆಳಗೆ ಒಂದು ಬೀಜದ ಹೋರಿ ಅವನನ್ನು ಎತ್ತಿ ಎಸೆಯಿತು. ತೊಡೆಯ ಮೂಳೆ ಎರಡು ತುಂಡಾಯಿತು. ದೂರದ ಯಾವುದೋ ಊರಿನ ಆಸ್ಪತ್ರೆಯಲ್ಲಿ ಪ್ಲೇಟು ಹಾಕಿ ಕಳಿಸಿದರು. ಇಪ್ಪತ್ತನೆಯ ದಿನಕ್ಕೆ ಹೊಲಿಗೆ ಉಬ್ಬಿ ಕೀವು ಸೋರತೊಡಗಿತು. ಮತ್ತೆ ಕೊಯ್ದು ತೊಳೆದರು, ಮತ್ತೆ ಸೋರಿತು. ಮೂರನೆಯ ಸಲ ಪ್ಲೇಟನ್ನೇ ಕಿತ್ತು ಹಾಕಿದರು. ಎರಡು ವರ್ಷ ಕೀವಿನ ಬಟ್ಟೆ ಒಗೆದದ್ದು ಹುಲಿಗೆಮ್ಮ. ಕೊನೆಗೆ ಲಕ್ಕಣ್ಣ ಬದುಕಿದ, ಆದರೆ ಆ ಕಾಲು ಎರಡು ಅಂಗುಲ ಗಿಡ್ಡವಾಯಿತು. ಕಾವಲಿನ ಕೆಲಸ ತಪ್ಪಿತು.

"ಏನಾಯ್ತು ಅಂತ ಕೇಳ್ದೆ ಮೇಡಂ. ಇನ್‌ಫೆಕ್ಷನ್ ಅಂದ್ರು. ಎಲ್ಲಿಂದ ಬಂತು ಅಂದೆ. ಬತ್ತದಮ್ಮಾ, ಕೆಲವ್ರಿಗೆ ಬತ್ತದೆ ಅಂದ್ರು. ಮಳೆ ಬಂದಂಗೆ ಅದ್ರಷ್ಟಕ್ಕದು ಬಂದ್ಬಿಡ್ತದಾ? ಯಾರಾದ್ರೂ ಬಾಗ್ಲು ತೆಗೆದಿರ್ಬೇಕಲ್ಲ" ಅಂತ ಅವಳು ನನಗೆ ಹೇಳಿದ್ದಳು.

ಗಂಡನನ್ನು ಕರೆದುಕೊಂಡು ತರೀಕೆರೆಗೆ ಬಂದು, ಒಂದು ಕೋಣೆ ಹಿಡಿದು, ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಥಿಯೇಟರಿನ ಮುಖ್ಯ ನರ್ಸ್ ಸುಮನಾ ಸಿಸ್ಟರ್ ಅವಳ ಕೈಯ ಚೊಕ್ಕಟತನ ನೋಡಿ ಹತಾರ ತೊಳೆಯಲು ಹಾಕಿಕೊಂಡರು. ಸುಮನಾ ಸಿಸ್ಟರ್ ಒಳ್ಳೆಯ ಗುರು. ಮೊದಲ ದಿನವೇ ಹೇಳಿಕೊಟ್ಟರಂತೆ: ರಕ್ತದ ಹತಾರಕ್ಕೆ ಬಿಸಿನೀರು ಹಾಕಬೇಡ, ಬಿಸಿನೀರಿಗೆ ರಕ್ತ ಬೆಂದು ಕಚ್ಚಿಕೊಳ್ಳುತ್ತದೆ, ಮೊದಲು ತಣ್ಣೀರು. ನೀರಿನೊಳಗೇ ಬ್ರಷ್ ಹಾಕು, ಮೇಲೆತ್ತಿ ಉಜ್ಜಿದರೆ ಹನಿ ಸಿಡಿಯುತ್ತದೆ. ತೂತಿರುವ ಹತಾರವಾದರೆ ತೂತಿನ ಆ ಕಡೆಯಿಂದ ಬ್ರಷ್ ಹೊರಬಂದು, ಬ್ರಷ್ಷೂ ಬೆಳ್ಳಗಿರುವ ತನಕ ಬಿಡಬೇಡ. ಕಸ ಕೂತ ಜಾಗಕ್ಕೆ ಹಬೆ ನುಗ್ಗುವುದಿಲ್ಲ. ತೊಳೆಯದ್ದನ್ನು ಎಷ್ಟು ಬೇಯಿಸಿದರೂ ಅದು ಬೆಂದ ಕೊಳೆ, ಅಷ್ಟೇ.

ಈ ಕೊನೆಯ ಮಾತನ್ನು ಹುಲಿಗೆಮ್ಮ ದೇವರ ವಾಕ್ಯದ ಹಾಗೆ ಹಿಡಿದುಕೊಂಡಳು.

ಸೊಂಟದ ಕೀಲು ಬದಲಿಸುವ ಆಪರೇಷನ್‌ಗೆ ಬೇಕಾಗುವ ಹತಾರ ಒಂದೆರಡಲ್ಲ, ನೂರರ ಮೇಲೆ. ಅವನ್ನು ಸಣ್ಣ ಆಸ್ಪತ್ರೆಗಳು ಇಟ್ಟುಕೊಳ್ಳುವುದಿಲ್ಲ. ಕೃತಕ ಕೀಲು ಸರಬರಾಜು ಮಾಡುವ ಡೀಲರೇ ದೊಡ್ಡ ಪೆಟ್ಟಿಗೆಗಳಲ್ಲಿ ತಂದು ಕೊಟ್ಟು, ಆಪರೇಷನ್ ಮುಗಿದ ಮೇಲೆ ಇನ್ನೊಂದು ಊರಿನ ಆಸ್ಪತ್ರೆಗೆ ಒಯ್ಯುತ್ತಾನೆ. ಹುಲಿಗೆಮ್ಮ ಅವುಗಳಿಗೆಲ್ಲ ತನ್ನದೇ ಹೆಸರಿಟ್ಟುಕೊಂಡಿದ್ದಳು. ಕೆಟ್ಟ ಗುಂಡನ್ನು ತಿರುಚಿ ಹೊರಗೆಳೆಯುವ ಉದ್ದನೆಯ ಸ್ಕ್ರೂ 'ತಿರುಪು'. ಸೊಂಟದ ಗುಣಿಯನ್ನು ಹೆರೆದು ನುಣುಪು ಮಾಡುವ, ಅರ್ಧ ಕಾಯಿಯ ಆಕಾರದ ಹಲ್ಲುಬಟ್ಟಲು 'ತುರಿಮಣೆ'. ನಲವತ್ತು ಚಿಲ್ಲರೆ ಮಿಲಿಮೀಟರಿನಿಂದ ಶುರುವಾಗಿ ಎರಡೆರಡು ಮಿಲಿಮೀಟರು ದೊಡ್ಡದಾಗುತ್ತ ಹೋಗುವ ತುರಿಮಣೆಗಳ ಒಂದು ಸಾಲೇ ಇರುತ್ತದೆ. ತೊಡೆಯ ಮೂಳೆಯ ಪೊಳ್ಳಿಗೆ ಸುತ್ತಿಗೆಯಿಂದ ಹೊಡೆದು ಇಳಿಸುವ ಒರಟು ಕಂಬಿಗಳು 'ಅರ', ಬಡಗಿಯ ಅರದ ಹಾಗೆಯೇ. ಇಂಗ್ಲಿಷ್ ಹೆಸರನ್ನು ಸುಮನಾ ಸಿಸ್ಟರ್ ಕೂಗಿದರೆ ಸರಿಯಾದ ಹತಾರವೇ ಕೈಗೆ ಬರುತ್ತಿತ್ತು, ತಪ್ಪಿದ್ದಿಲ್ಲ.

"ತುರಿಮಣೆನೇ ಕಳ್ಳ ಮೇಡಂ. ಹೊರಗಡೆ ಫಳಫಳ ಅಂತದೆ. ಒಳಗಡೆ ಹಲ್ಲಿನ ಹಿಂದೆ ಮೂಳೆ ಪುಡಿ ಅವಿತ್ಕೊಂಡಿರ್ತದೆ" ಅನ್ನುತ್ತಿದ್ದಳು.

ಈಗ ಆ ಗುರುವಾರ.

ನನ್ನನ್ನು ಎಂಟು ಗಂಟೆಗೇ ಹಸಿರು ಗೌನು ತೊಡಿಸಿ ಥಿಯೇಟರಿನ ಹೊರಗಿನ ಪಡಸಾಲೆಯಲ್ಲಿ ಸ್ಟ್ರೆಚರಿನ ಮೇಲೆ ಮಲಗಿಸಿದರು. ಹೊಟ್ಟೆಗೆ ಏನೂ ಇಲ್ಲ, ನೀರೂ ಇಲ್ಲ. ಪೆಟ್ಟಿಗೆ ಹಿಂದಿನ ಸಂಜೆಯೇ ಬರಬೇಕಿತ್ತಂತೆ, ಬಂದಿರಲಿಲ್ಲ. ಒಂಬತ್ತಕ್ಕೆ ಡೀಲರಿನ ಕಡೆಯ ಧರ್ಮೇಶ್ ಎಂಬಾತ ಎರಡು ಪೆಟ್ಟಿಗೆಗಳನ್ನು ಏದುಸಿರು ಬಿಡುತ್ತ ಹೊತ್ತು ತಂದ. ಹಿಂದಿನ ದಿನ ಅವು ಬೇರೊಂದು ಊರಿನಲ್ಲಿ ಯಾರದೋ ಸೊಂಟದಲ್ಲಿದ್ದವು.

"ಅಲ್ಲೇ ತೊಳ್ದು ಹಬೆಗೂ ಇಟ್ಟಿದ್ದಾರೆ ಸಿಸ್ಟರ್. ನೀವು ಇನ್ನೊಂದು ಸಲ ಬೇಗ ಹಬೆ ಕೊಡೋ ಅರ್ಜೆಂಟ್ ಸೈಕಲ್ ಹಾಕ್ಬಿಡಿ, ಅರ್ಧ ಗಂಟೇಲಿ ರೆಡಿ" ಅಂದ ಧರ್ಮೇಶ್.

ಡಾಕ್ಟರ್ ಶಿವಕುಮಾರ್ ಆಗಲೇ ಬಂದು ಕೈತೊಳೆಯಲು ಸಿದ್ಧರಾಗುತ್ತಿದ್ದರು. ಮಧ್ಯಾಹ್ನ ಮೂರಕ್ಕೆ ಶಿವಮೊಗ್ಗದಲ್ಲಿ ಅವರಿಗೆ ಇನ್ನೊಂದು ಆಪರೇಷನ್ ಇತ್ತು. ತೊಳೆಯುವ ಕೋಣೆಯ ಬಾಗಿಲು ತೆರೆದೇ ಇದ್ದದ್ದರಿಂದ ನನಗೆ ಎಲ್ಲವೂ ಕೇಳುತ್ತಿತ್ತು, ಅರ್ಧ ಕಾಣುತ್ತಲೂ ಇತ್ತು. ಒಬ್ಬ ಹೆಂಗಸು ಪೆಟ್ಟಿಗೆಯಿಂದ ಒಂದು ಬಟ್ಟಲು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಸಣ್ಣ ಬ್ರಷ್ ಆಡಿಸಿದಳು. ಬಿಳಿ ಬಟ್ಟೆಯ ಮೇಲೆ ಕುಟ್ಟಿದಳು. ಆಮೇಲೆ ಬಟ್ಟೆಯನ್ನು ಹಿಡಿದುಕೊಂಡು ಡಾಕ್ಟರರ ಮುಂದೆ ನಿಂತಳು.

"ಡಾಕ್ಟ್ರೇ, ಇದ್ರೊಳಗೆ ಇನ್ನೊಬ್ರ ಮೂಳೆ ಐತೆ."

ಡಾಕ್ಟರು ಬಗ್ಗಿ ನೋಡಿದರು. "ಆ ಸೈಜು ಬೇಡ. ಅದನ್ನ ಪಕ್ಕಕ್ಕಿಡು. ಉಳಿದಿದ್ದು ಹಾಕು."

"ಒಂದ್ರಲ್ಲಿದ್ದದ್ದು ಎಲ್ಲದ್ರಲ್ಲೂ ಇರ್ತದೆ. ಇದು ತೊಳ್ದಿರೋ ಪೆಟ್ಟಿಗೆ ಅಲ್ಲ ಸಾರ್. ಪೂರ್ತಿ ಬಿಚ್ಚಿ ತೊಳೀಬೇಕು. ಮೂರೂವರೆ ನಾಕು ಗಂಟೆ ಬೇಕು."

"ಏನಮ್ಮಾ, ನೀನು ನಂಗೆ ಹೇಳ್ಕೊಡ್ತೀಯಾ? ಹಬೇಲಿ ಎಲ್ಲ ಸಾಯುತ್ತೆ. ಸುಮನಾ, ಪೆಟ್ಟಿಗೆ ಮಷೀನಿಗೆ ಇಡಿ. ಅರ್ಧ ಗಂಟೇಲಿ ಶುರು ಮಾಡ್ತೀನಿ."

ಸುಮನಾ ಸಿಸ್ಟರ್ ಮುಖ ತಗ್ಗಿಸಿದರು. ಅವರಿಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಸರ್ಜನ್ನಿನ ಎದುರು ಆಡುವುದು ಬೇರೆ. ಅವರು ಪೆಟ್ಟಿಗೆ ಎತ್ತಲು ಎರಡು ಹೆಜ್ಜೆ ಮುಂದೆ ಬಂದರು.

ಅಷ್ಟರಲ್ಲಿ ಹುಲಿಗೆಮ್ಮ ಮೊದಲ ಪೆಟ್ಟಿಗೆಯ ತಟ್ಟೆಯನ್ನು ಎರಡೂ ಕೈಯಲ್ಲೆತ್ತಿ ಪಕ್ಕದಲ್ಲಿದ್ದ ಸೋಪುನೀರಿನ ತೊಟ್ಟಿಗೆ ಇಳಿಸಿದಳು. ತುರಿಮಣೆಗಳು ಒಂದೊಂದಾಗಿ ಮುಳುಗಿದವು. ಎರಡನೆಯ ಪೆಟ್ಟಿಗೆಗೆ ಕೈ ಹಾಕಿದಳು. ಅದರಲ್ಲಿದ್ದ ಡ್ರಿಲ್ಲಿನ ಮೋಟಾರು ನೀರು ಮುಟ್ಟಬಾರದು. ಅದನ್ನು ಜೋಪಾನವಾಗಿ ಪಕ್ಕಕ್ಕೆ ತೆಗೆದಿಟ್ಟು, ಉಳಿದ ತಟ್ಟೆಯನ್ನೂ ನೀರಿಗೆ ಹಾಕಿದಳು. ಸಿಟ್ಟಿಗೆ ಮಾಡಿದ ಕೆಲಸವಾಗಿದ್ದರೆ ಮೋಟಾರೂ ಮುಳುಗುತ್ತಿತ್ತು.

"ಈಗ ತೊಳೀದೆ ವಿಧಿ ಇಲ್ಲ" ಅಂದಳು, ಅಷ್ಟೇ.

ಡಾಕ್ಟರು ಕೂಗಾಡಿದರು. ಧರ್ಮೇಶ್ "ಅಯ್ಯೋ ಅಯ್ಯೋ" ಅಂದ. ಆಸ್ಪತ್ರೆಯ ಯಜಮಾನರಾದ ಡಾಕ್ಟರ್ ರೇಣುಕಪ್ರಸಾದ್ ಕೆಳಗಿನ ಓಪಿಡಿಯಿಂದ ಓಡಿ ಬಂದರು.

ನನಗೆ ಹಸಿವು, ಬಾಯಾರಿಕೆ, ಸೊಂಟದ ನೋವು, ಮೇಲೆ ಭಯ. ಒಬ್ಬ ಆಯಾ ಜಗಳ ಮಾಡಿ ನನ್ನ ಆಪರೇಷನ್ ನಿಲ್ಲಿಸಿದಳು ಅಂತ ಮಾತ್ರ ಅರ್ಥವಾಯಿತು. ಮೈದಾನದಲ್ಲಿ ಬಳಸುತ್ತಿದ್ದ ಗಂಟಲನ್ನೇ ತೆಗೆದೆ.

"ಏಯ್, ಯಾರಮ್ಮ ನೀನು? ದೊಡ್ಡೋರು ಹೇಳಿದ್ದು ಕೇಳೋಕಾಗಲ್ವಾ? ನಿನ್ನ ಹಟಕ್ಕೆ ನಾನಿಲ್ಲಿ ಸಾಯ್ಬೇಕಾ?"

ಅವಳು ಹೊರಗೆ ಬಂದಳು. ಕುಳ್ಳಗೆ, ಒಣಕಲು ಮೈ, ಮೊಣಕೈವರೆಗೆ ನೊರೆ. ನನ್ನ ಮುಖದ ಹತ್ತಿರ ಆ ಬಿಳಿ ಬಟ್ಟೆಯನ್ನು ಬಿಚ್ಚಿ ಹಿಡಿದಳು. ಸಾಸಿವೆಯಷ್ಟು ಗಾತ್ರದ ಎರಡು ಕಂದು ಹರಳುಗಳು ಅದರ ಮೇಲಿದ್ದವು, ಸುತ್ತ ತುಕ್ಕಿನ ಬಣ್ಣದ ಕಲೆ.

"ಇದು ನಿಮ್ಮ ಸೊಂಟದೊಳಗೆ ಹೋಗೋದಿತ್ತು ಮೇಡಂ. ನಮ್ಮನೆಯೋನ ಕಾಲಿಗೆ ಇಂಥದ್ದೇ ಏನೋ ಹೋಗಿ ಎರಡು ವರ್ಷ ಕೀವು ಸೋರ್ತು. ನೀವು ಬೈರಿ, ಪರ್ವಾಗಿಲ್ಲ. ನಾನು ತೊಳೀತೀನಿ."

ಆ ಹರಳುಗಳನ್ನೇ ನೋಡಿದೆ. ಯಾರದೋ ಮೂಳೆ. ಗಂಡಸೋ ಹೆಂಗಸೋ, ಬದುಕಿದ್ದಾರೋ ಇಲ್ಲವೋ.

ಒಳಗೆ ರೇಣುಕಪ್ರಸಾದ್ ಡಾಕ್ಟರು ಶಿವಕುಮಾರ್ ಅವರನ್ನು ಸಮಾಧಾನ ಮಾಡುತ್ತಿದ್ದರು. ಬೇಗ ಒರೆಸಿ ಅರ್ಜೆಂಟ್ ಸೈಕಲ್ಲಿಗೇ ಇಡೋಣ, ಪೇಷೆಂಟ್ ಕಾಯುತ್ತಿದ್ದಾರೆ ಅನ್ನುವ ಮಾತು ಕೇಳಿಸಿತು. ಮೊಣಕೈ ಊರಿ ಎದ್ದು ಕೂತೆ. ಸೊಂಟದಲ್ಲಿ ಕತ್ತಿ ಆಡಿಸಿದ ಹಾಗಾಯಿತು.

"ಪೇಷೆಂಟ್ ನಾನು" ಎಂದು ಕೂಗಿದೆ. "ನಾನು ಸಾಯಂಕಾಲದ ತನಕ ಕಾಯ್ತೀನಿ. ನಾಳೆಗಾದ್ರೂ ಸರಿ. ಈಯಮ್ಮ ಸರಿಯಾಗಿದೆ ಅನ್ನೋ ತನಕ ನಾನು ಟೇಬಲ್ ಹತ್ತಲ್ಲ. ಸಹಿ ಮಾಡಿದ ಫಾರಂ ವಾಪಸ್ ಕೊಡಿ."

ಡಾಕ್ಟರ್ ಶಿವಕುಮಾರ್ ಶಿವಮೊಗ್ಗಕ್ಕೆ ಫೋನ್ ಮಾಡಿ ಅಲ್ಲಿಯ ಆಪರೇಷನ್ನನ್ನು ಮರುದಿನಕ್ಕೆ ಹಾಕಿದರು. ನನಗೆ ಗ್ಲೂಕೋಸ್ ಹಚ್ಚಿದರು. ಮುಂದಿನ ನಾಲ್ಕು ತಾಸು ನಾನು ಅಲ್ಲೇ ಮಲಗಿ ಅವಳು ಕೆಲಸ ಮಾಡುವುದನ್ನು ನೋಡಿದೆ. ಹತಾರಗಳನ್ನು ಬಿಚ್ಚಬಹುದಾದಷ್ಟು ಬಿಚ್ಚಿದಳು. ಪ್ರತಿ ತುರಿಮಣೆಯ ಒಂದೊಂದು ಹಲ್ಲಿನ ಹಿಂದೆಯೂ ಬ್ರಷ್ ಆಡಿಸಿದಳು. ತೊಳೆದು, ಭೂತಗನ್ನಡಿ ಹಿಡಿದು ನೋಡಿ, ಮೂರನ್ನು ಮತ್ತೆ ನೀರಿಗೆ ಹಾಕಿದಳು. ಒಣಗಿಸಿ, ಭಾರದ್ದು ಕೆಳಗೆ ಹಗುರದ್ದು ಮೇಲೆ ಜೋಡಿಸಿ, ನಡುವೆ ಹಬೆ ತಾಗಿದರೆ ಬಣ್ಣ ಬದಲಾಗುವ ಪಟ್ಟಿ ಇಟ್ಟು, ಎರಡು ಪದರ ಬಟ್ಟೆ ಸುತ್ತಿದಳು. ಕಡೆಗೆ ಹಬೆಯ ಯಂತ್ರಕ್ಕಿಟ್ಟಳು.

ಎರಡೂಕಾಲಕ್ಕೆ ನನ್ನನ್ನು ಒಳಗೆ ತೆಗೆದುಕೊಂಡರು. ಬೆನ್ನಿಗೆ ಸೂಜಿ ಕೊಟ್ಟ ಸ್ವಲ್ಪ ಹೊತ್ತಿಗೆ ನಡುವಿನ ಕೆಳಗೆ ಏನೂ ಇಲ್ಲದ ಹಾಗಾಯಿತು. ಎಡಮಗ್ಗುಲಿಗೆ ತಿರುಗಿಸಿ, ಅಲುಗಾಡದಂತೆ ಹಿಂದೆ ಮುಂದೆ ಆಧಾರ ಕೊಟ್ಟು, ಮುಖದ ಮುಂದೆ ಬಟ್ಟೆಯ ಪರದೆ ಕಟ್ಟಿದರು. ನಿದ್ದೆಯ ಔಷಧಿ ಬೇಡ ಅಂದಿದ್ದೆ. ಸುಮನಾ ಸಿಸ್ಟರ್ ಹೊದಿಕೆ ಬಿಚ್ಚಿ ಒಳಗಿನ ಪಟ್ಟಿಯನ್ನು ಪರದೆಯ ಮೇಲಿಂದ ಎತ್ತಿ ತೋರಿಸಿದರು. ಕಪ್ಪಾಗಿತ್ತು. ನನಗೆ ಕಾಣುವ ಹಾಗೆ ಬಾಗಿಲ ಬಳಿ ಮಾಸ್ಕ್ ಹಾಕಿಕೊಂಡು ನಿಂತಿದ್ದ ಹುಲಿಗೆಮ್ಮ ತಲೆಯಾಡಿಸಿದಳು. ಆಗ ಡಾಕ್ಟರ್ ಚಾಕು ಕೇಳಿದರು.

ನೋವಿಲ್ಲ, ಸದ್ದು ಮಾತ್ರ. ಮಾಂಸವನ್ನು ಸರಿಸಿ ಹಿಡಿಯುವ ಕೊಕ್ಕೆಗಳ ಟಣ್ ಸದ್ದು. ಸಣ್ಣ ಗರಗಸದ ಗುಂಯ್. ಅದು ಸತ್ತ ಗುಂಡಿನ ಕತ್ತು ಕೊಯ್ಯುವ ಸದ್ದು. ತಿರುಪು ಹಾಕಿ ಗುಂಡನ್ನು ಎಳೆದು ತಟ್ಟೆಗೆ ಹಾಕಿದಾಗ ಟಪ್ ಅಂತು. ಆಮೇಲೆ ಡಾಕ್ಟರ್ ಅಂಕಿ ಕೂಗತೊಡಗಿದರು. "ನಲವತ್ನಾಲ್ಕು." ತುರಿಮಣೆ ತಿರುಗುತ್ತದೆ. "ನಲವತ್ತಾರು." ಮತ್ತೆ ತಿರುಗುತ್ತದೆ. ಸವೆದ ಪದರವೆಲ್ಲ ಹೋಗಿ, ಹಸಿ ಮೂಳೆಯಲ್ಲಿ ರಕ್ತದ ಚುಕ್ಕಿಗಳು ಎದ್ದು ಬರುವ ತನಕ ಹೆರೆಯಬೇಕಂತೆ. ಹೆಚ್ಚಾದರೆ ಗುಣಿ ತೂತಾಗುತ್ತದೆ, ಕಡಿಮೆಯಾದರೆ ಅಲ್ಲಿ ಕೂರಿಸುವ ಹೊಸ ಲೋಹದ ಬಟ್ಟಲು ಕಚ್ಚುವುದಿಲ್ಲ. "ನಲವತ್ತೆಂಟು. ಸಾಕು. ಬಟ್ಟಲು ಐವತ್ತು ಕೊಡಿ."

ಬಟ್ಟಲು ಗುಣಿಗಿಂತ ಒಂದು ಗೆರೆ ದೊಡ್ಡದು, ಬಡಿದು ಬಿಗಿ ಮಾಡುವುದು. ಉದ್ದ ಹಿಡಿಯ ತುದಿಗೆ ಅದನ್ನು ಸಿಕ್ಕಿಸಿ, ಓರೆ ಎಷ್ಟಿರಬೇಕು ಎಂದು ಕಣ್ಣಳತೆ ನೋಡಿ, ಡಾಕ್ಟರ್ ಸುತ್ತಿಗೆ ಎತ್ತಿದರಂತೆ. ಪ್ರತಿ ಏಟಿಗೂ ಟೇಬಲ್ಲಿನ ಜೊತೆ ನನ್ನ ಹಲ್ಲೂ ಅದುರಿದವು. ಮೊದಲು ಮಂದವಾಗಿದ್ದ ಸದ್ದು ಆರನೆಯ ಏಟಿಗೆ ಗಟ್ಟಿಯಾಗಿ, ಗಂಟೆಯ ಹಾಗೆ ಮೇಲಕ್ಕೇರಿತು. ಡಾಕ್ಟರ್ ನಿಲ್ಲಿಸಿದರು. "ಕೂತ್ಕೊಂತು" ಅಂದರು.

ಮುಂದೆ ತೊಡೆಯ ಮೂಳೆಗೆ ಅರಗಳು ಇಳಿದವು, ಸಣ್ಣದು, ಅದಕ್ಕಿಂತ ದೊಡ್ಡದು, ಇನ್ನೂ ದೊಡ್ಡದು. ಮೊದಲು ತಾತ್ಕಾಲಿಕ ಗುಂಡು ಹಾಕಿ ಕೀಲು ಕೂಡಿಸಿ, ನನ್ನ ಕಾಲನ್ನು ಮಡಚಿದರು, ತಿರುಚಿದರು, ಎಳೆದರು. ಜಾರುತ್ತದೋ, ಎರಡೂ ಕಾಲು ಸಮವಿದೆಯೋ ಎಂದು ನೋಡಿದರು. ಸಮಾಧಾನವಾದ ಮೇಲೆ ನಿಜವಾದ ಕಂಬಿ, ನಿಜವಾದ ಗುಂಡು. ಡಾಕ್ಟರ್ ಶಿವಕುಮಾರ್ ಅವರ ಕೈ ಒಳ್ಳೆಯ ಕೈ. ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಮರುದಿನ ಮಧ್ಯಾಹ್ನ ವಾಕರ್ ಹಿಡಿದು ಎಂಟು ಹೆಜ್ಜೆ ಹಾಕಿದೆ. ಅದೇ ಮಧ್ಯಾಹ್ನ ಹುಲಿಗೆಮ್ಮ ಒಂದು ಬಿಳಿ ಹಾಳೆ, ಪೆನ್ನು ಹಿಡಿದುಕೊಂಡು ನನ್ನ ಮಂಚದ ಹತ್ತಿರ ಬಂದಳು.

"ಮೇಡಂ, ನೀವು ಟೀಚರ್ ಅಂತೆ. ಒಂದು ಕಾಗ್ದ ಬರ್ಕೊಡಿ. ಡಾಕ್ಟ್ರ ಎದ್ರು ಹಂಗೆ ಮಾಡಿದ್ದು ತಪ್ಪಾಯ್ತು ಅಂತ ಬರ್ದುಕೊಡ್ಬೇಕಂತೆ. ರೇಣುಕಪ್ರಸಾದ್ ಸಾರ್ ಹೇಳಿದ್ರು. ಕೊಡ್ಲಿಲ್ಲ ಅಂದ್ರೆ ಥಿಯೇಟರಿನಿಂದ ತೆಗೀತಾರಂತೆ."

ನಾನು ಕನ್ನಡಕ ಹಾಕಿಕೊಂಡು ಬರೆಯತೊಡಗಿದೆ. 'ನನ್ನಿಂದಾದ ಪ್ರಮಾದಕ್ಕೆ ಕ್ಷಮೆ' ಎನ್ನುವಲ್ಲಿಗೆ ಬಂದಾಗ ಅವಳು ಬಗ್ಗಿ, ಅಕ್ಷರ ಕೂಡಿಸಿಕೊಂಡು ಓದಿದಳು.

"ಆ ಪದ ಬ್ಯಾಡ ಮೇಡಂ."

"ಕ್ಷಮೆ ಅಂತ ಬರೀದಿದ್ರೆ ಅದೆಂಥಾ ಕ್ಷಮಾಪಣೆ ಪತ್ರ, ಹುಲಿಗೆಮ್ಮ? ಒಂದು ಮಾತಲ್ವಾ. ಬರೆದು ಬಿಸಾಕು. ಕೆಲಸ ಉಳಿಯುತ್ತೆ."

"ಬಿಸಾಕಿದ ಮಾತು ಫೈಲಿನಾಗಿರ್ತದೆ. ನಾಳೆ ಇನ್ನೊಬ್ಳು ಈ ತೊಟ್ಟಿ ಮುಂದೆ ನಿಂತ್ಕಂತಾಳೆ. ಹುಲಿಗೆಮ್ಮನೇ ತಪ್ಪು ಅಂತ ಬರ್ಕೊಟ್ಟವ್ಳೆ, ನೀನ್ಯಾವ ಊರ ದಾಸಯ್ಯ ಅಂತಾರೆ ಅವ್ಳಿಗೆ. ನಾನು ಹೇಳ್ದಂಗೆ ಬರೀರಿ."

ಅವಳು ಹೇಳಿದಳು, ನಾನು ಬರೆದೆ. ಆ ಕಾಗದದ ಒಂದು ಪ್ರತಿ ನನ್ನ ಹತ್ತಿರ ಇದೆ:

'ಗುರುವಾರ ಬಂದ ಹತಾರದ ಪೆಟ್ಟಿಗೆಯಲ್ಲಿ ಹಳೆಯ ಮೂಳೆ ಇತ್ತು. ಅದನ್ನು ನಾನು ನೀರಿಗೆ ಹಾಕಿದ್ದು ನಿಜ. ಡಾಕ್ಟರ್ ಬೇಡ ಎಂದ ಮೇಲೂ ಹಾಕಿದ್ದು ನಿಜ. ಇನ್ನೊಂದು ಸಲ ಮೂಳೆ ಕಂಡರೆ ಇನ್ನೊಂದು ಸಲ ಹಾಕುತ್ತೇನೆ. ಅದು ಬೇಡವಾದರೆ ನನ್ನನ್ನು ಬೇರೆ ಕೆಲಸಕ್ಕೆ ಹಾಕಿ. ಈ ಕೆಲಸಕ್ಕೆ ಇಟ್ಟುಕೊಂಡರೆ ಇದೇ ಆಗುವುದು.'

ಕೆಳಗೆ ದೊಡ್ಡ ಅಕ್ಷರದಲ್ಲಿ ತಾನೇ ಸಹಿ ಮಾಡಿದಳು.

ಬೇರೆ ಕೆಲಸಕ್ಕೇ ಹಾಕಿದರು. ಆರು ವಾರದ ನಂತರ ನಾನು ಕೋಲೂರಿಕೊಂಡು ತಪಾಸಣೆಗೆ ಹೋದಾಗ ಹುಲಿಗೆಮ್ಮ ಓಪಿಡಿಯ ನೆಲ ಒರೆಸುತ್ತಿದ್ದಳು. ನನ್ನ ನಡಿಗೆಯನ್ನು ಹಿಂದಿನಿಂದ, ಮುಂದಿನಿಂದ ನೋಡಿ, "ಕಾಲು ಸಮ ಐತೆ" ಎಂದು ನಕ್ಕಳು. ನಾನು ನೇರ ರೇಣುಕಪ್ರಸಾದ್ ಡಾಕ್ಟರ ಕೋಣೆಗೆ ನುಗ್ಗಿದೆ.

"ಇದು ನ್ಯಾಯವೇನ್ರೀ ಡಾಕ್ಟ್ರೇ?"

ಅವರು ಕೆಟ್ಟವರಲ್ಲ. ಕುರ್ಚಿ ಎಳೆದು ಕೂರಿಸಿದರು. "ಮೇಡಂ, ನ್ಯಾಯ ಅಲ್ಲ, ನಂಗೊತ್ತು. ಶಿವಕುಮಾರ್ ಬೇಜಾರಾಗಿ ಬರೋದು ನಿಲ್ಲಿಸಿದ್ರೆ ಸುತ್ತಲಿನ ಮೂಳೆ ಪೇಷೆಂಟೆಲ್ಲ ಎಲ್ಲಿಗೆ ಹೋಗ್ಬೇಕು ಹೇಳಿ."

ಹುಲಿಗೆಮ್ಮನ ಹತ್ತಿರ ಬಂದು ಅವರ ಮಾತನ್ನೇ ಹೇಳಿದೆ. "ನಾನೂ ಎಲ್ಲಿಗೂ ಹೋಗಲ್ಲ ಬಿಡಿ ಮೇಡಂ. ಥಿಯೇಟರ್ ಬಾಗ್ಲಿಂದ ಇಲ್ಲಿಗೆ ಹತ್ತು ಮೆಟ್ಲು. ಕರೆದ್ರೆ ಹತ್ತೋದು" ಅಂದು ಬಕೆಟ್ ಎತ್ತಿಕೊಂಡು ಹೋದಳು.

ಕರೆದದ್ದು ಇನ್ನೂ ಐದು ವಾರ ಕಳೆದ ಮೇಲೆ. ಒಂದು ಗುರುವಾರ, ಹುಲಿಗೆಮ್ಮನ ಬದಲಿಗೆ ಬಂದವಳು ಸುತ್ತಿಟ್ಟಿದ್ದ ಹತಾರದ ಹೊದಿಕೆ ಬಿಚ್ಚಿದರೆ ಒಳಗೆಲ್ಲ ಒದ್ದೆ. ಒದ್ದೆ ಬಟ್ಟೆ ಅಂದರೆ ಕೆಟ್ಟಂತೆ, ಮುಟ್ಟುವ ಹಾಗಿಲ್ಲ. ಈ ಸಲ ಸುಮನಾ ಸಿಸ್ಟರ್ ತಲೆ ತಗ್ಗಿಸಲಿಲ್ಲ. "ಇದರಲ್ಲಿ ನಾನು ಹತಾರ ಕೊಡಲ್ಲ ಸರ್" ಅಂದರು. ಡಾಕ್ಟರ್ ಶಿವಕುಮಾರ್ ಗ್ಲೌಸ್ ಕಿತ್ತು ಎಸೆದರಂತೆ. ಸ್ಟೂಲಿನ ಮೇಲೆ ಕೂತು, "ಮೊದಲು ಇಲ್ಲೊಬ್ಳು ಜಗಳಗಂಟಿ ಇದ್ದಳಲ್ಲ, ಎಲ್ಲಿ? ಅವಳನ್ನ ಕರೀರಿ" ಅಂದರಂತೆ. ತಪ್ಪಾಯಿತು ಎಂದು ಅವರೂ ಹೇಳಲಿಲ್ಲ, ಇವತ್ತಿನ ತನಕ ಹೇಳಿಲ್ಲ.

ಹುಲಿಗೆಮ್ಮ ಓಡಿಹೋಗಲಿಲ್ಲ. ಒರೆಸುತ್ತಿದ್ದ ಕೋಣೆಯನ್ನು ಮುಗಿಸಿ, ಕೈಕಾಲು ತೊಳೆದು ಮೇಲೆ ಹೋಗಿ ಬಾಗಿಲಲ್ಲೇ ನಿಂತಳು.

"ಬತ್ತೀನಿ ಸಾರ್. ಒಂದು ಮಾತು. ಪೆಟ್ಟಿಗೆ ಹಿಂದಿನ ದಿನ ಸಾಯಂಕಾಲ ಐದ್ರೊಳಗೆ ನನ್ ಕೈಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಮಾರ್ನೆ ದಿನ ಆಪರೇಷನ್ ಇಲ್ಲ. ಅದನ್ನ ಗೋಡೆ ಮೇಲೆ ಬರೀಬೇಕು."

"ಬರಿ" ಅಂದರು ಶಿವಕುಮಾರ್.

ಅವಳೇ ಮಾರ್ಕರಿನಲ್ಲಿ ಬರೆದಳು, ಕೆಳಗೆ ಹೆಸರನ್ನೂ ಹಾಕಿದಳು. ಆಸ್ಪತ್ರೆಯ ನಿಯಮಕ್ಕೆ ಆಯಾಳ ಹೆಸರು ಯಾಕೆ, ಅಳಿಸು ಅಂದರು ಯಾರೋ. "ಜಗಳ ಮಾಡೋಕೆ ಬಂದೋರಿಗೆ ಯಾರ ಹತ್ರ ಮಾಡ್ಬೇಕು ಅಂತ ಗೊತ್ತಾಗ್ಬೇಕಲ್ಲ" ಅಂದಳು. ಹೆಸರು ಉಳಿಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮರುವರ್ಷ ಆಸ್ಪತ್ರೆಗೆ ಗುಣಮಟ್ಟ ಪರೀಕ್ಷಿಸುವ ಒಂದು ತಂಡ ಬಂತು. ತೊಳೆಯುವ ಕೋಣೆಯನ್ನು ನೋಡಿ ಮೆಚ್ಚಿದರು. ಇಷ್ಟು ಅಚ್ಚುಕಟ್ಟಾಗಿ ನಡೆಸುವವರು ಯಾರು ಎಂದರು. ತೋರಿಸಿದಾಗ ಅವಳ ಓದು ಕೇಳಿದರು. ಏಳನೇ ಕ್ಲಾಸು ಎಂದೊಡನೆ ಪೆನ್ನು ನಿಂತಿತು. ಹಬೆಯ ಯಂತ್ರ ನಡೆಸಲು ತರಬೇತಿ ಪ್ರಮಾಣಪತ್ರ ಬೇಕು, ಆ ತರಬೇತಿಗೆ ಸೇರಲು ಎಸ್ಸೆಸ್ಸೆಲ್ಸಿ ಆಗಿರಬೇಕು. ಎರಡು ವರ್ಷ ಗಡುವು ಕೊಟ್ಟು ಹೋದರು.

ಆ ಭಾನುವಾರ ಹುಲಿಗೆಮ್ಮ ಬಸ್ಸು ಹತ್ತಿ ಅಜ್ಜಂಪುರಕ್ಕೆ, ನಮ್ಮ ಮನೆಗೆ ಬಂದಳು. ಆಗ ಅವಳಿಗೆ ಐವತ್ತೊಂದು.

"ಮೇಡಂ, ನಂಗೆ ಹತ್ನೇ ಕ್ಲಾಸು ಮಾಡ್ಸಿ."

"ನಾನು ಪಿ.ಟಿ. ಟೀಚರ್ ಕಣೇ! ಓಡೋಕೆ ಹೇಳಿದ್ರೆ ಓಡಿಸ್ತೀನಿ."

"ಓಡ್ಸಿ ಹಂಗಾದ್ರೆ."

ಓಡಿಸಿದೆ. ಗಣಿತ ನನ್ನ ಯಜಮಾನರಿಗೆ ಒಪ್ಪಿಸಿದೆ, ಉಳಿದದ್ದು ನಾನು. ಭಾನುವಾರಕ್ಕೊಮ್ಮೆ ಬರುವಳು. ಲಕ್ಕಣ್ಣನೂ ಗಿಡ್ಡ ಕಾಲೆಳೆದುಕೊಂಡು ಜೊತೆಗೆ ಬಂದು ಜಗಲಿಯ ಮೇಲೆ ಕೂತು, "ಹತಾರ ತೊಳೆಯೋಕೆ ಅಶೋಕ ಚಕ್ರವರ್ತಿ ಯಾಕೆ ಬೇಕು ಮೇಷ್ಟ್ರಮ್ಮ?" ಎಂದು ಕೇಳುವನು. "ಲೇ, ಸುಮ್ಕೆ ಕೂತ್ಕೋ, ಲೆಕ್ಕ ತಪ್ತದೆ" ಎಂದು ಇವಳು ಒಳಗಿಂದ ಗದರುವಳು. ಹತಾರದ ಇಂಗ್ಲಿಷ್ ಹೆಸರು ನೂರು ಗೊತ್ತಿದ್ದವಳಿಗೆ ಒಂದು ವಾಕ್ಯ ಕೂಡಿಸಲು ಬರುತ್ತಿರಲಿಲ್ಲ. ಮೊದಲ ವರ್ಷ ಇಂಗ್ಲಿಷಿನಲ್ಲಿ ಇಪ್ಪತ್ತೆರಡು ಬಂತು, ಗಣಿತವೂ ಹೋಯಿತು, ಫೇಲು. ಆಸ್ಪತ್ರೆಯಲ್ಲಿ ಕೆಲವರು ನಕ್ಕರು. ನಾನೇ ಸೋತವಳ ಹಾಗೆ, ಸಾಕು ಬಿಡು ಅಂದೆ.

"ನೀವು ಖೋಖೋದಲ್ಲಿ ಒಂದ್ಸಲ ಸೋತ ಮಕ್ಕಳನ್ನ ಮನೆಗೆ ಕಳಿಸ್ತಿದ್ರಾ?" ಎಂದು ಕೇಳಿದಳು. ಪುಸ್ತಕ ತೆಗೆದೆವು.

ಈ ವರ್ಷದ ಪರೀಕ್ಷೆಗೆ ತರೀಕೆರೆಯ ಶಾಲೆಯೊಂದು ಕೇಂದ್ರ. ನಾನೂ ಜೊತೆಗೆ ಹೋಗಿದ್ದೆ, ಕೋಲು ಬಿಟ್ಟು ಎಷ್ಟೋ ಕಾಲವಾಗಿತ್ತು. ಗೇಟಿನಲ್ಲಿ ನಿಂತಿದ್ದ ಒಬ್ಬ ಯುವ ಮೇಷ್ಟರು ಕೈ ಅಡ್ಡ ಹಿಡಿದರು.

"ಅಮ್ಮಾ, ಪೋಷಕರು ಒಳಗೆ ಬರೋ ಹಾಗಿಲ್ಲ. ಮಗನೋ ಮಗಳೋ? ಹೊರಗೇ ಕಾಯಿರಿ."

ಹುಲಿಗೆಮ್ಮ ಸೆರಗಿನ ಗಂಟಿನಿಂದ ಹಾಲ್ ಟಿಕೆಟ್ ಬಿಚ್ಚಿ ಅವರ ಮೂಗಿನ ಮುಂದೆ ಹಿಡಿದಳು.

"ಯಾರ ತಾಯಿನೂ ಅಲ್ಲ ಕಣಪ್ಪಾ. ಪರೀಕ್ಷೆ ನಂದೇ. ಕೈ ತೆಗಿ, ಹೊತ್ತಾಯ್ತು."

ಇಂಗ್ಲಿಷಿನಲ್ಲಿ ನಲವತ್ತೊಂದು ಬಂತು. ಗಣಿತದಲ್ಲಿ ಮೂವತ್ತೈದು, ಸರಿಯಾಗಿ ದಡ. ತರಬೇತಿಯ ಅರ್ಜಿ ಹೋಗಿದೆ. ಅದರಲ್ಲಿ ವಯಸ್ಸಿನ ಮಿತಿ ಏನೋ ಇದೆ, ಕಷ್ಟವಾಗಬಹುದು ಎನ್ನುತ್ತಿದ್ದಾರೆ. ಮುಂದಿನ ಸೋಮವಾರ ಚಿಕ್ಕಮಗಳೂರಿನ ಕಚೇರಿಗೆ ಕೇಳಲು ಹೋಗುತ್ತಾಳಂತೆ. ಬೆಳಗಿನ ಬಸ್ಸಿಗೆ ನಾನೂ ಹೊರಡುತ್ತಿದ್ದೇನೆ.